ಘಾಟಿನ ಕೆಮ್ಮು, ರೋಗದ ಕೆಮ್ಮು
ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಗಳ ದೃಷ್ಟಿಯಿಂದ ಎದೆಯ ರೋಗಗಳ ಚಿಕಿತ್ಸೆಯ ಚರಿತ್ರೆ

ಸಂಕ್ರಾಂತಿ ಕಳೆದು ಬಿಸಿಲು ಬಲಿಯುತ್ತ ಬರುವ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಪ್ರವೇಶಿಸಿದವರಿಗೆ ಆ ಊರಿನ ಐಶ್ವರ್ಯವೂ ಅದಕ್ಕಾಗಿ ದುಡಿಯುವವರ ಆಯಾಸವೂ ಒಟ್ಟಿಗೇ ಅನುಭವಕ್ಕೆ ಬರುತ್ತವೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದ ಆ ಕೆಂಪು ಸುಕ್ಕುಗಾಯಿಯ ಚೀಲಗಳು ಅಂಗಡಿಗಳ ಮುಂದೆ ಸಾಲುಸಾಲಾಗಿ ಒಟ್ಟಿರುತ್ತವೆ. ಹಮಾಲರು ಚೀಲಗಳನ್ನು ಎತ್ತಿ ಸುರಿಯುವಾಗೊಮ್ಮೆ ಕೆಂಧೂಳು ಮೇಲೇಳುತ್ತದೆ. ಗೋದಾಮುಗಳ ಒಳಗೆ ತುಂಬು, ಎಂದರೆ ಕಾಯಿಯ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳು ಮೂಗುಬಾಯಿಗಳಿಗೆ ಸೆರಗನ್ನು ಸುತ್ತಿಕೊಂಡು, ರಾಶಿಯ ಸುತ್ತ ಕುಳಿತು, ಮುಂಜಾನೆಯಿಂದ ಸಂಜೆಯವರೆಗೆ ಕೈಯಾಡಿಸುತ್ತಲೇ ಇರುತ್ತಾರೆ. ಅಲ್ಲಿ ಕೆಮ್ಮದವರಿಲ್ಲ. ರಾಣೆಬೆನ್ನೂರು, ಹಾವೇರಿಗಳ ಹತ್ತಿಯ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಅರಳೆಯ ನವಿರು ಗಾಳಿಯನ್ನು ತುಂಬಿದರೆ, ಕಣಗಳಲ್ಲಿ ಗೋವಿನಜೋಳದ ರಾಶಿಯಾಗುವಾಗ ಹೊಟ್ಟಿನ ಧೂಳು ತುಂಬುತ್ತದೆ. ಹೀಗೆ ಈ ಮೂರು ಊರುಗಳ ದುಡಿಮೆಗೂ ಕೆಮ್ಮಿಗೂ ಬಹುಕಾಲದ ನಂಟು.

ಕೆಮ್ಮುವವರನ್ನು ವಿಚಾರಿಸಿದರೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: "ಘಾಟಿನ ಕೆಮ್ಮ ಐತ್ರಿ, ಸುಗ್ಗಿ ಮುಗದ ಮ್ಯಾಲ ತಾನ ಹೊಕ್ಕೈತಿ." ಈ ಮಾತು ಅನೇಕ ಸಲ ನಿಜವೂ ಹೌದು. ಆದರೆ ಸುಗ್ಗಿ ಮುಗಿದ ಮೇಲೂ ಹೋಗದೆ ಉಳಿದ ಕೆಮ್ಮಿನ ಹಿಂದೆ ಕ್ಷಯವಿರಬಹುದು, ಗೂರಲಿರಬಹುದು, ಒಲೆಯ ಹೊಗೆಯೋ ಬೀಡಿಯ ಹೊಗೆಯೋ ಹತ್ತಾರು ವರ್ಷ ಸವೆಸಿದ ಶ್ವಾಸಕೋಶವಿರಬಹುದು. ಒಂದು ಕೆಮ್ಮಿಗೂ ಇನ್ನೊಂದು ಕೆಮ್ಮಿಗೂ ಇರತಕ್ಕ ವ್ಯತ್ಯಾಸವನ್ನು ಮನುಷ್ಯನು ಹೇಗೆ ಕಂಡುಕೊಂಡನು, ಕಂಡುಕೊಂಡುದರಿಂದ ಆತನಿಗೆ ಏನು ಲಭಿಸಿತು ಎಂಬುದೇ ಎದೆಯ ರೋಗಗಳ ಚಿಕಿತ್ಸೆಯ ಚರಿತ್ರೆ. ಕೆಮ್ಮನ್ನು ಕಸುಬಿನ ಪಾಲೆಂದು ಒಪ್ಪಿಕೊಂಡು ಬದುಕುವ ಊರುಗಳಿಗೆ ಈ ಚರಿತ್ರೆಯನ್ನು ಅರಿಯುವ ಅಗತ್ಯ ಉಳಿದವರಿಗಿಂತ ಹೆಚ್ಚು.

ಪ್ರಾಚೀನರ ಅವಲೋಕನ

ನಮ್ಮ ಪ್ರಾಚೀನ ವೈದ್ಯರಿಗೆ ದೇಹದ ಒಳಗನ್ನು ನೋಡತಕ್ಕ ಸಾಧನಗಳಿರಲಿಲ್ಲವಾದರೂ ಹೊರಗೆ ತೋರುವ ಲಕ್ಷಣಗಳನ್ನು ಅವರು ಅತ್ಯಂತ ಶ್ರದ್ಧೆಯಿಂದ ಗಮನಿಸಿದ್ದರು. ಚರಕಸಂಹಿತೆಯು ಕಾಸವನ್ನು, ಎಂದರೆ ಕೆಮ್ಮನ್ನು, ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜವೆಂದು ಐದು ವಿಧವಾಗಿ ವಿಂಗಡಿಸುತ್ತದೆ. ಶ್ವಾಸರೋಗವನ್ನೂ ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸಗಳೆಂದು ಐದಾಗಿಯೇ ಎಣಿಸುತ್ತದೆ. ತಮಕಶ್ವಾಸದ ರೋಗಿಯು ಮಲಗಲಾರನು, ಎದ್ದು ಕುಳಿತರೆ ತುಸು ಸಮಾಧಾನ ಹೊಂದುವನು, ಕಫ ಹೊರಬಿದ್ದ ಕೂಡಲೆ ಅವನಿಗೆ ಹಗುರವಾಗುವುದು, ಮೋಡ ಕವಿದಾಗ, ಥಂಡಿಯಾದಾಗ, ಮೂಡಣ ಗಾಳಿ ಬೀಸಿದಾಗ ವ್ಯಾಧಿ ಉಲ್ಬಣಿಸುವುದು ಎಂಬ ವರ್ಣನೆಯನ್ನು ಓದಿದ ಇಂದಿನ ಯಾವ ವೈದ್ಯನೂ ಇದು ಅಸ್ತಮಾ, ನಮ್ಮವರ ಗೂರಲು, ಎಂಬುದನ್ನು ತತ್‌ಕ್ಷಣ ಗುರುತಿಸಬಲ್ಲನು. ರಾಜಯಕ್ಷ್ಮದ, ಎಂದರೆ ಕ್ಷಯದ, ಪ್ರಕರಣದಲ್ಲಿ ಜ್ವರ, ಕಾಸ, ಹೆಗಲು ಪಕ್ಕೆಗಳ ನೋವು, ಸ್ವರಭೇದ, ರಕ್ತ ಉಗುಳುವಿಕೆ, ದೇಹ ಕರಗುವಿಕೆಗಳನ್ನು ಹೇಳಿ, ಅದಕ್ಕೆ ನಾಲ್ಕು ಕಾರಣಗಳನ್ನು ನಿರ್ದೇಶಿಸಿದೆ: ಶಕ್ತಿಮೀರಿದ ದುಡಿಮೆ, ಮಲಮೂತ್ರಾದಿ ವೇಗಗಳ ನಿರೋಧ, ಧಾತುಕ್ಷಯ ಮತ್ತು ಹೊತ್ತುಗೊತ್ತಿಲ್ಲದ ವಿಷಮಾಹಾರ. ರೋಗಾಣುವಿನ ಕಲ್ಪನೆಯಿಲ್ಲದ ಕಾಲದಲ್ಲಿ ಬರೆದ ಈ ಪಟ್ಟಿಯಲ್ಲಿ ದುಡಿಮೆ, ಆಹಾರಗಳೆರಡೂ ಸ್ಥಾನ ಪಡೆದಿರುವುದನ್ನು ಓದುಗರು ನೆನಪಿನಲ್ಲಿಡಬೇಕು.

ಚಿಕಿತ್ಸೆಯ ವಿಷಯದಲ್ಲಿ ಆಡಿನ ಹಾಲು, ಮಾಂಸರಸ, ತುಪ್ಪ, ವಿಶ್ರಾಂತಿಗಳನ್ನು ಆ ಗ್ರಂಥಗಳು ವಿಧಿಸಿದವು. ಹಳ್ಳಿಯ ಬೇಲಿಗಳಲ್ಲಿ ತಾನಾಗಿ ಬೆಳೆಯುವ ಆಡುಸೋಗೆಯ ಸೊಪ್ಪಿನ ರಸವನ್ನು ಜೇನಿನೊಡನೆ ಕೊಡುವ ಪದ್ಧತಿ ನಮ್ಮ ಮನೆಮನೆಯದು. ಇದು ಬರಿಯ ನಂಬಿಕೆಯಾಗಿ ಉಳಿಯಲಿಲ್ಲ. ಆಡುಸೋಗೆಯಲ್ಲಿರುವ ವಾಸಿಸೀನ್ ಎಂಬ ಸತ್ತ್ವವನ್ನು ಆಧಾರವಾಗಿಟ್ಟುಕೊಂಡು 1960ರ ದಶಕದಲ್ಲಿ ರಸಾಯನಶಾಸ್ತ್ರಜ್ಞರು ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ನಿರ್ಮಿಸಿದರು. ಅದರಿಂದಲೇ ಮುಂದೆ ಆಂಬ್ರಾಕ್ಸಾಲ್ ಬಂದಿತು. ಇಂದು ಔಷಧದ ಅಂಗಡಿಯಲ್ಲಿ ಕಫ ಕರಗಿಸಲೆಂದು ಕೊಡುವ ಅನೇಕ ಸಿರಪ್ಪುಗಳಲ್ಲಿ ಈ ಎರಡರಲ್ಲೊಂದು ಇದ್ದೇ ಇರುತ್ತದೆ. ಆದರೆ ಕಫವನ್ನು ಸಡಿಲಿಸುವುದು ಬೇರೆ, ರೋಗದ ಮೂಲವನ್ನು ಕೀಳುವುದು ಬೇರೆ. ಮೂಲವನ್ನು ಕೀಳಬೇಕಾದರೆ ಎದೆಗೂಡಿನ ಒಳಗೆ ನಡೆಯುತ್ತಿರುವುದನ್ನು ಮೊದಲು ತಿಳಿಯಬೇಕಾಗಿತ್ತು.

ಬೆರಳು ಮತ್ತು ಕಿವಿ

ಆ ತಿಳಿವಳಿಕೆಯ ಕಡೆಗೆ ಮೊದಲ ದೊಡ್ಡ ಹೆಜ್ಜೆಯನ್ನು ಇಟ್ಟವನು ಆಸ್ಟ್ರಿಯದ ಲಿಯೋಪೋಲ್ಡ್ ಆವೆನ್‌ಬ್ರುಗ್ಗರ್. ಅವನು ಗ್ರಾಟ್ಸ್ ಪಟ್ಟಣದ ವಸತಿಗೃಹವೊಂದರ ಯಜಮಾನನ ಮಗ. ಮದ್ಯದ ಪೀಪಾಯಿಯನ್ನು ಬೆರಳಿನಿಂದ ಬಡಿದು, ಟೊಳ್ಳುಶಬ್ದ ಎಲ್ಲಿ ನಿಂತು ಗಡುಸುಶಬ್ದ ಎಲ್ಲಿ ತೊಡಗುತ್ತದೆಂಬುದರಿಂದ ಒಳಗಿನ ದ್ರವದ ಮಟ್ಟವನ್ನು ಅಳೆಯುವುದು ಅಂತಹ ಮನೆಗಳಲ್ಲಿ ನಿತ್ಯದ ರೂಢಿ. ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯನಾದ ಆವೆನ್‌ಬ್ರುಗ್ಗರನು ಇದೇ ಉಪಾಯವನ್ನು ಮನುಷ್ಯನ ಎದೆಗೆ ಅನ್ವಯಿಸಿ, ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶವು ಒಂದು ಬಗೆಯ ನಾದವನ್ನೂ ನೀರು ತುಂಬಿದ ಅಥವಾ ನ್ಯುಮೋನಿಯದಿಂದ ಗಟ್ಟಿಯಾದ ಭಾಗವು ಮಂದವಾದ ಇನ್ನೊಂದು ಶಬ್ದವನ್ನೂ ಕೊಡುತ್ತದೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ 1761ರಲ್ಲಿ ಪ್ರಕಟಿಸಿದನು. ಸಮಕಾಲೀನರು ಅದನ್ನು ಗಣನೆಗೆ ತಂದುಕೊಳ್ಳಲಿಲ್ಲ. ನೆಪೋಲಿಯನ್ನನ ವೈದ್ಯನಾದ ಕಾರ್ವಿಸಾರ್ 1808ರಲ್ಲಿ ಆ ಗ್ರಂಥವನ್ನು ಫ್ರೆಂಚಿಗೆ ಅನುವಾದಿಸಿದ ಮೇಲೆಯೇ ವೈದ್ಯಲೋಕ ಕಣ್ಣು ತೆರೆಯಿತು. ಇಂದಿಗೂ ನುರಿತ ವೈದ್ಯರು ಎಡಗೈಯ ಬೆರಳನ್ನು ರೋಗಿಯ ಬೆನ್ನಿನ ಮೇಲಿಟ್ಟು ಬಲಗೈಯ ಬೆರಳಿನಿಂದ ಅದರ ಮೇಲೆ ಬಡಿಯುವುದು ಈ ವಿದ್ಯೆಯ ಮುಂದುವರಿಕೆಯೇ.

ಬೆರಳಿನ ನಂತರ ಕಿವಿಯ ಸರದಿ. 1816ರಲ್ಲಿ ಪ್ಯಾರಿಸಿನ ರೆನೆ ಲೆನೆಕ್, ಸ್ಥೂಲಕಾಯದ ತರುಣಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು, ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಚ್ಚಿದಾಗ ಹೃದಯದ ಬಡಿತವು ಎಂದೂ ಕೇಳದಷ್ಟು ಸ್ಪಷ್ಟವಾಗಿ ಕೇಳಿಸಿತು. ಕಾಗದದ ಸುರುಳಿಯು ಮರದ ಕೊಳವೆಯಾಗಿ, ಕೊಳವೆಯು ಕಾಲಾಂತರದಲ್ಲಿ ಎರಡು ಕಿವಿಗಳ ಸ್ಟೆತಾಸ್ಕೋಪಾಯಿತು. ಆದರೆ ಲೆನೆಕನ ನಿಜವಾದ ಸಾಧನೆ ಉಪಕರಣವಷ್ಟೇ ಅಲ್ಲ. ರೋಗಿ ಬದುಕಿದ್ದಾಗ ತಾನು ಕೇಳಿದ ಶಬ್ದಗಳನ್ನು, ಆತ ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಕಂಡ ವಿಕಾರಗಳೊಡನೆ ಒಂದೊಂದಾಗಿ ತಾಳೆ ನೋಡಿ, ಯಾವ ಸಪ್ಪಳ ಯಾವ ವ್ಯಾಧಿಯದೆಂಬ ಶಾಸ್ತ್ರವನ್ನೇ ಅವನು 1819ರಲ್ಲಿ ರಚಿಸಿದನು. ಹಾಗೆ ಸಾವಿರಾರು ಕ್ಷಯರೋಗಿಗಳ ಎದೆಗೆ ಕಿವಿಗೊಟ್ಟ ಆ ಮಹನೀಯನು 1826ರಲ್ಲಿ, 45ನೆಯ ವಯಸ್ಸಿನಲ್ಲಿ, ಕ್ಷಯದಿಂದಲೇ ಮಡಿದನು. ರೋಗವನ್ನು ಗುರುತಿಸುವ ವಿದ್ಯೆ ಕೈಗೆ ಬಂದಿದ್ದಿತು. ಗುಣಪಡಿಸುವ ವಿದ್ಯೆಗೆ ಇನ್ನೂ ನೂರಿಪ್ಪತ್ತು ವರ್ಷ ಕಾಯಬೇಕಾಗಿದ್ದಿತು.

ಯಾವ ಕೆಲಸ ಮಾಡುತ್ತೀರಿ?

ಬೆರಳು, ಕಿವಿಗಳ ಈ ವಿದ್ಯೆಗಳೆರಡಕ್ಕೂ ಮುಂಚೆಯೇ, 1700ರಲ್ಲಿ, ಇಟಲಿಯ ಬೆರ್ನಾರ್ದಿನೋ ರಾಮಾತ್ಸೀನಿ ಎಂಬ ವೈದ್ಯನು ದುಡಿಮೆಗಾರರ ರೋಗಗಳನ್ನು ಕುರಿತು ಗ್ರಂಥವೊಂದನ್ನು ಬರೆದನು. ವೈದ್ಯನು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಸಾಲಿಗೆ 'ನೀವು ಯಾವ ಕೆಲಸ ಮಾಡುತ್ತೀರಿ?' ಎಂಬುದನ್ನೂ ಸೇರಿಸಬೇಕೆಂಬುದು ಅವನ ಉಪದೇಶ. ನಾರು ಹಿಂಜುವವರು, ಹಿಟ್ಟು ಬೀಸುವವರು, ಕಾಳು ಅಳೆಯುವವರು ಏಕೆ ಕೆಮ್ಮುತ್ತಾರೆಂಬುದನ್ನು ಅವನು ಆಗಲೇ ಗಮನಿಸಿದ್ದನು. ಹಾವೇರಿ ಸೀಮೆಯ ವೈದ್ಯನಿಗೆ ಈ ಪ್ರಶ್ನೆಯಷ್ಟು ಉಪಯುಕ್ತವಾದುದು ಬೇರೊಂದಿಲ್ಲ.

ಹತ್ತಿಯ ಧೂಳನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಧಾರವಾಡ ಸೀಮೆಯ ಹತ್ತಿಗೆ ದೂರದ ಮಾರುಕಟ್ಟೆಗಳು ತೆರೆದುಕೊಂಡು, ಜಿನ್ನಿಂಗ್ ಯಂತ್ರಗಳು ಬಂದವು. ಜೊತೆಗೇ ಅರಳೆಯ ಧೂಳಿನಲ್ಲಿ ದಿನವಿಡೀ ಉಸಿರಾಡುವ ಕಸುಬೂ ಬಂದಿತು. ಹತ್ತಿಕಾಯಿಯ ಸುತ್ತಲಿನ ಒಣಗಿದ ಎಲೆಚೂರುಗಳೊಡನೆ ಬೆರೆತಿರುವ ಸೂಕ್ಷ್ಮಜೀವಿಗಳ ವಿಷಾಂಶವು ಶ್ವಾಸನಾಳಗಳನ್ನು ಬಿಗಿಯುವಂತೆ ಮಾಡುವುದರಿಂದ ಹುಟ್ಟುವ ವ್ಯಾಧಿಗೆ ಬಿಸಿನೋಸಿಸ್ ಎಂದು ಹೆಸರು. ಅದರ ಲಕ್ಷಣ ವಿಚಿತ್ರವಾದುದು. ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲನೆಯ ದಿನವೇ ಎದೆ ಬಿಗಿಯುತ್ತದೆ. ವಾರ ಮುಂದುವರಿದಂತೆ ದೇಹ ಒಗ್ಗಿಕೊಂಡು ಸಡಿಲವಾಗುತ್ತದೆ. ಮುಂದಿನ ಸೋಮವಾರ ಮತ್ತೆ ಮರುಕಳಿಸುತ್ತದೆ. ವರ್ಷಗಳು ಉರುಳಿದ ಮೇಲೆ ಆ ಬಿಗಿತ ವಾರವಿಡೀ ಉಳಿದು, ಕೊನೆಗೆ ಕೆಲಸ ಬಿಟ್ಟರೂ ಬಿಡದ ಉಬ್ಬಸವಾಗಿ ಪರಿಣಮಿಸುತ್ತದೆ. 'ಯಾವ ಕೆಲಸ?', 'ಯಾವ ದಿನ ಹೆಚ್ಚು?' ಎಂಬ ಎರಡು ಪ್ರಶ್ನೆಗಳನ್ನು ಕೇಳದ ವೈದ್ಯನಿಗೆ ಈ ರೋಗ ಎಂದೂ ಸಿಕ್ಕಲಾರದು.

ಮೆಣಸಿನಕಾಯಿಯ ಕಥೆ ಇದಕ್ಕಿಂತ ಭಿನ್ನವಾದುದು. ಖಾರದ ಸತ್ತ್ವವಾದ ಕ್ಯಾಪ್ಸೈಸಿನ್ ಶ್ವಾಸಮಾರ್ಗದ ನರತಂತುಗಳ ತುದಿಯಲ್ಲಿರುವ ಒಂದು ಗ್ರಾಹಕವನ್ನು ನೇರವಾಗಿ ಕೆರಳಿಸುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರು 2021ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಕೆಮ್ಮಿನ ಪ್ರಯೋಗಾಲಯಗಳಲ್ಲಿ ಇದೇ ಕ್ಯಾಪ್ಸೈಸಿನ್ನನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸುತ್ತ ಮೂಸಿಸಿ, ಎಷ್ಟರ ಮಟ್ಟಕ್ಕೆ ಮನುಷ್ಯನು ಎರಡು ಸಲ ಕೆಮ್ಮಿದನು, ಎಷ್ಟಕ್ಕೆ ಐದು ಸಲ ಎಂಬುದರಿಂದ ಅವನ ಕೆಮ್ಮಿನ ಸಂವೇದನೆಯನ್ನು ಅಳೆಯುತ್ತಾರೆ. ಬ್ಯಾಡಗಿಯ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ರಾಶಿರಾಶಿಯಾಗಿ ಒಂದೆಡೆ ಕೂಡಿದಾಗ ಅದರ ಘಾಟು ಕಡಿಮೆಯದಲ್ಲ. ಮೆಣಸಿನಕಾಯಿಯ ಕೆಲಸಗಾರರನ್ನು ಪರೀಕ್ಷಿಸಿ 1991ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅವರಿಗೆ ಇತರರಿಗಿಂತ ಕೆಮ್ಮು ಬಹಳ ಹೆಚ್ಚಾಗಿದ್ದರೂ ಶ್ವಾಸಕೋಶದ ಸಾಮರ್ಥ್ಯ ಕುಗ್ಗಿರಲಿಲ್ಲವೆಂದು ಕಂಡುಬಂದಿತು. ಎಂದರೆ ಘಾಟಿನ ಕೆಮ್ಮು ಬಹುಮಟ್ಟಿಗೆ ನರಗಳ ರಕ್ಷಣೋಪಾಯ. ಘಾಟು ತಪ್ಪಿದರೆ ಅದೂ ತಪ್ಪಬೇಕು. ತಪ್ಪದಿದ್ದರೆ ಅದನ್ನು ಘಾಟಿನದೆಂದು ಕರೆಯಲು ಆಧಾರವಿಲ್ಲ. ಘಾಟಿನೊಡನೆ ಬರುವ ಮಣ್ಣಿನ ಧೂಳು, ಬೂಷ್ಟುಗಳೂ ಮೂಗಿನೊಳಗೆ ಸೇರುತ್ತವೆಂಬುದನ್ನಂತೂ ಮರೆಯಲಾಗದು.

ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಯಂತ್ರವೂ ಹೊಸದೇನಲ್ಲ. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಸ್ಪೈರೋಮೀಟರನ್ನು ಸಿದ್ಧಪಡಿಸಿ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದನು. ಇಂದು ಅದರ ಮೊಮ್ಮಗನಂತಿರುವ ಅಂಗೈಯಗಲದ ಯಂತ್ರದಲ್ಲಿ ರೋಗಿಯು ಎದೆತುಂಬ ಉಸಿರೆಳೆದುಕೊಂಡು ಬಲವಾಗಿ ಊದಿದರೆ, ಮೊದಲನೆಯ ಸೆಕೆಂಡಿನಲ್ಲಿ ಒಟ್ಟು ಗಾಳಿಯ ಎಷ್ಟು ಪಾಲು ಹೊರಬಂದಿತೆಂಬುದರಿಂದ ನಾಳಗಳು ತೆರೆದಿವೆಯೋ ಬಿಗಿದಿವೆಯೋ ತಿಳಿಯುತ್ತದೆ. ಆ ಪಾಲು ನೂರಕ್ಕೆ 70ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಗಾಳಿಯ ದಾರಿಗೆ ಅಡಚಣೆಯಿದೆಯೆಂದೇ ಅರ್ಥ.

ರೋಗಾಣುವೂ ಕಿರಣವೂ

1882ನೆಯ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದಾಗ ವೈದ್ಯಶಾಸ್ತ್ರದ ದಿಕ್ಕೇ ಬದಲಾಯಿತು. ವಿಶ್ವ ಕ್ಷಯರೋಗ ದಿನವನ್ನು ನಾವು ಆಚರಿಸುವುದು ಅದರ ಸ್ಮರಣೆಗಾಗಿಯೇ. ಶಾಪ, ಕರ್ಮ, ವಂಶದೋಷಗಳೆಂದು ತಿಳಿಯಲಾಗಿದ್ದುದು ಒಬ್ಬರ ಕೆಮ್ಮಿನಿಂದ ಇನ್ನೊಬ್ಬರ ಉಸಿರಿಗೆ ದಾಟುವ ಸೂಕ್ಷ್ಮಜೀವಿಯ ಕೃತ್ಯವೆಂದು ಸಿದ್ಧವಾಯಿತು. ಅದನ್ನು ಕಾಣುವ ಬಗೆ ಇಂದಿಗೂ ಸರಕಾರಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಗಾಜಿನ ಪಟ್ಟಿಯ ಮೇಲೆ ಕಫವನ್ನು ತೆಳ್ಳಗೆ ಸವರಿ, ಆರಿಸಿ, ಜ್ವಾಲೆಗೆ ಹಿಡಿದು ಅಂಟಿಸುತ್ತಾರೆ. ಕಾರ್ಬಾಲ್ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣವನ್ನು ಅದರ ಮೇಲೆ ಸುರಿದು ಆವಿಯೇಳುವವರೆಗೆ ಕಾಯಿಸುತ್ತಾರೆ. ಬಳಿಕ ಗಂಧಕಾಮ್ಲದಿಂದ ತೊಳೆಯುತ್ತಾರೆ. ಉಳಿದೆಲ್ಲವುಗಳ ಬಣ್ಣ ಆಮ್ಲಕ್ಕೆ ಕಳಚಿಹೋದರೂ ಮೇಣದಂತಹ ಹೊದಿಕೆಯುಳ್ಳ ಕ್ಷಯಾಣು ಮಾತ್ರ ತನ್ನ ಕೆಂಪನ್ನು ಬಿಟ್ಟುಕೊಡುವುದಿಲ್ಲ. ಕೊನೆಗೆ ನೀಲಿ ಬಣ್ಣ ಹಾಕಿ ಸಾವಿರ ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದರೆ, ನೀಲಿಯ ನಡುವೆ ಕಿರಿದಾದ ಕೆಂಪು ಗೀರುಗಳು ಕಾಣುತ್ತವೆ. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಅಣುಜೀವಿಗಳಿದ್ದರೆ ಮಾತ್ರ ಅವು ಹೀಗೆ ಕಣ್ಣಿಗೆ ಬೀಳುತ್ತವೆ ಎಂಬುದು ಈ ಪರೀಕ್ಷೆಯ ಮಿತಿ. ಆದರೆ ಹಾಗೆ ಕಂಡವನೇ ಇತರರಿಗೆ ಅಧಿಕವಾಗಿ ಸೋಂಕು ಹರಡುವವನು. ಆದುದರಿಂದ ಅವನನ್ನು ಮೊದಲು ಹಿಡಿದುಕೊಡುವ ಈ ಅಗ್ಗದ ಪರೀಕ್ಷೆ ಬಡದೇಶಗಳಿಗೆ ಮಹೋಪಕಾರ ಮಾಡಿತು.

ಮುಂದೆ 1895ರಲ್ಲಿ ರಾಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಎದೆಗೂಡನ್ನು ತೆರೆಯದೆಯೇ ಅದರ ಒಳಗಿನ ನೆರಳನ್ನು ನೋಡುವುದು ಸಾಧ್ಯವಾಯಿತು. ಗಾಳಿಯಿರುವ ಕಡೆ ಕಪ್ಪು, ನೀರು, ಕೀವು, ಗಡ್ಡೆಗಳಿರುವ ಕಡೆ ಬಿಳುಪು. 1897ರಲ್ಲಿ ಜರ್ಮನಿಯ ಗುಸ್ಟಾವ್ ಕಿಲಿಯನ್ ಶ್ವಾಸನಾಳದೊಳಗೆ ಕೊಳವೆಯನ್ನಿಳಿಸಿ ಸಿಕ್ಕಿಕೊಂಡ ಎಲುಬಿನ ಚೂರನ್ನು ತೆಗೆದನು. 1960ರ ದಶಕದಲ್ಲಿ ಜಪಾನಿನ ಶಿಗೆತೊ ಇಕೆಡಾ ಆ ಕೊಳವೆಯನ್ನು ಬಾಗುವ ಗಾಜಿನ ಎಳೆಗಳಿಂದ ರೂಪಿಸಿದನು. 1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದು ಶ್ವಾಸಕೋಶವನ್ನು ಪದರಪದರವಾಗಿ ತೋರಿಸಿತು. ಕಣ್ಣು ಬೆರಳು ಕಿವಿಗಳಿಗೆ ಎಟುಕದಿದ್ದ ಕ್ಯಾನ್ಸರು ಮೊದಲಾದ ರೋಗಗಳು ಬೇಗನೆ ಗೋಚರಿಸತೊಡಗಿದುದು ಈ ಸಾಧನಗಳಿಂದಲೇ.

ಆರೋಗ್ಯಧಾಮಗಳ ಕಾಲ

ರೋಗಾಣು ಕಂಡರೂ ಅದನ್ನು ಕೊಲ್ಲುವ ಔಷಧವಿಲ್ಲದ ಅರುವತ್ತು ವರ್ಷಗಳ ಕಾಲ ಲೋಕವೆಲ್ಲ ಶುದ್ಧ ಗಾಳಿ, ಪುಷ್ಟಿಕರ ಆಹಾರ, ವಿಶ್ರಾಂತಿಗಳನ್ನೇ ನೆಚ್ಚಿಕೊಂಡಿತು. ಜರ್ಮನಿಯಲ್ಲಿ ಆರಂಭವಾದ ಸ್ಯಾನಟೋರಿಯಮ್ಮುಗಳ ಪದ್ಧತಿ ನಮ್ಮಲ್ಲಿಗೂ ಬಂದು, 1915ರಲ್ಲಿ ಮದನಪಲ್ಲಿಯ ಬಳಿ ಆರೋಗ್ಯವರಂ ಸ್ಥಾಪಿತವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ಗತಿಸಿದ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ 1920ರ ದಶಕದ ಆರಂಭದಲ್ಲಿ ಸ್ಯಾನಟೋರಿಯಂ ಕಟ್ಟಿಸಿದರು. ಅರಮನೆಯನ್ನೂ ಬಿಡದ ರೋಗವು ಗುಡಿಸಲುಗಳಲ್ಲಿ ಎಷ್ಟು ಹಾವಳಿ ಮಾಡಿರಬಹುದೆಂಬುದನ್ನು ಇದರಿಂದಲೇ ಊಹಿಸಿಕೊಳ್ಳಬಹುದು. ಜವಾಹರಲಾಲ ನೆಹರೂ ಅವರ ಪತ್ನಿ ಕಮಲಾ ಅವರೂ ದೇಶವಿದೇಶಗಳ ಆರೋಗ್ಯಧಾಮಗಳಲ್ಲಿ ಶುಶ್ರೂಷೆ ಪಡೆದು 1936ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕ್ಷಯಕ್ಕೆ ತುತ್ತಾದರು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಮೈಸೂರು ಬೇರೆ ಸಂಸ್ಥಾನ. ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆ ಹತ್ತಿರದ್ದು. ದೊಡ್ಡ ವೈದ್ಯಕೇಂದ್ರವೆಂದರೆ 1894ರಲ್ಲಿ ವಿಲಿಯಂ ವಾನ್‌ಲೆಸ್ ಮೀರಜಿನಲ್ಲಿ ತೆರೆದ ಆಸ್ಪತ್ರೆ. 1920ರ ಹೊತ್ತಿಗೆ ಅದರ ಸಮೀಪದ ವಾನ್‌ಲೆಸ್‌ವಾಡಿಯಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವೂ ಎದ್ದಿತು. ಹಾವೇರಿಯಿಂದ ಹುಬ್ಬಳ್ಳಿ, ಲೋಂಡಾ, ಬೆಳಗಾವಿಗಳ ಮೇಲಿನಿಂದ ರೈಲುದಾರಿ ಮೀರಜನ್ನು ಮುಟ್ಟುತ್ತಿದ್ದಿತು. ಕೈಯಲ್ಲಿ ಹಣವಿದ್ದವರಿಗೆ ಆ ದಾರಿ ಇತ್ತು. ಕೂಲಿನಾಲಿಯ ಜನಕ್ಕೆ ಹಿತ್ತಲಿನ ಕೋಣೆಯೇ ಆರೋಗ್ಯಧಾಮ. ಧಾಮಗಳಲ್ಲಾದರೂ ಪರಿಹಾರ ನಿಶ್ಚಿತವಿರಲಿಲ್ಲ. ಇಟಲಿಯ ಫೋರ್ಲಾನೀನಿ ಸೂಚಿಸಿದಂತೆ, ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ಎದೆಗೂಡಿಗೆ ಗಾಳಿ ತುಂಬಿ, ರೋಗಪೀಡಿತ ಶ್ವಾಸಕೋಶವನ್ನು ಕುಸಿಯಿಸಿ ಅದಕ್ಕೆ ವಿಶ್ರಾಂತಿ ಕೊಡುವ ಪ್ರಯೋಗ ನಡೆಯುತ್ತಿತ್ತು. ಅದೂ ಫಲಿಸದಿದ್ದರೆ ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆಯುತ್ತಿದ್ದರು.

ಔಷಧದ ಉದಯ

1943ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಅವರ ಶಿಷ್ಯ ಆಲ್ಬರ್ಟ್ ಶಾಟ್ಸ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ನನ್ನು ಬೇರ್ಪಡಿಸಿದಾಗ ಕ್ಷಯದ ಇತಿಹಾಸದಲ್ಲಿ ಮೊದಲ ಬಾರಿಗೆ ಆಶೆ ಮೂಡಿತು. ಆದರೆ ಒಂದೇ ಔಷಧವನ್ನು ಕೊಟ್ಟಾಗ ರೋಗಾಣು ಕೆಲವೇ ತಿಂಗಳಲ್ಲಿ ಅದಕ್ಕೆ ಜಗ್ಗದಂತಾಗುತ್ತಿತ್ತು. ಪಿ.ಎ.ಎಸ್. ಎಂಬ ಔಷಧ, 1952ರಲ್ಲಿ ಐಸೋನಯಾಜಿಡ್, ಆಮೇಲೆ ರಿಫಾಂಪಿಸಿನ್ನುಗಳು ಬಂದು, ಎರಡು ಮೂರು ಔಷಧಗಳನ್ನು ಕೂಡಿಸಿ ದೀರ್ಘಕಾಲ ಕೊಡಬೇಕೆಂಬ ಸೂತ್ರ ಸ್ಥಿರವಾಯಿತು.

ಇಷ್ಟರ ಮೇಲೆ ಭಾರತವು ಜಗತ್ತಿಗೆ ಎರಡು ಪಾಠಗಳನ್ನು ಕಲಿಸಿತು. 1956ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಚಿಕಿತ್ಸಾ ಸಂಶೋಧನ ಕೇಂದ್ರವು ಬಡರೋಗಿಗಳ ಒಂದು ಗುಂಪನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ, ಎರಡು ಗುಂಪುಗಳಿಗೂ ಒಂದು ವರ್ಷ ಅದೇ ಔಷಧವನ್ನು ಕೊಟ್ಟು ನೋಡಿತು. ಮನೆಯಲ್ಲಿದ್ದ ರೋಗಿಗಳಿಗೆ ಆಹಾರ ಕಡಿಮೆ, ವಿಶ್ರಾಂತಿ ಕಡಿಮೆ. ಆದರೂ ಫಲ ಹೆಚ್ಚುಕಡಿಮೆ ಸಮಾನವೆಂದೂ ಮನೆಯ ಇತರರಿಗೆ ಸೋಂಕು ಅದರಿಂದ ಹೆಚ್ಚಲಿಲ್ಲವೆಂದೂ 1959ರಲ್ಲಿ ಪ್ರಕಟವಾಯಿತು. ಬೆಟ್ಟದ ಗಾಳಿಯನ್ನು ಅರಸಿ ಮನೆಮಠ ಮಾರುವ ಅವಶ್ಯಕತೆ ಅಲ್ಲಿಗೆ ಮುಗಿಯಿತು.

ಎರಡನೆಯ ಪಾಠ ಕನ್ನಡನಾಡಿನದು. 1959ರಲ್ಲಿ ಬೆಂಗಳೂರಿನ ಅವಲಾನ್ ಎಂಬ ಬಂಗಲೆಯಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಎಣಿಸಿತು. ಹಾಗೆ ಪತ್ತೆಯಾದವರ ಮನೆಗಳಿಗೆ ಹೋಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡವು ವಿಚಾರಣೆ ಮಾಡಿದಾಗ, ಹಳ್ಳಿಗರು ಅಜ್ಞಾನಿಗಳು, ಆಸ್ಪತ್ರೆಗೆ ಬಾರದವರು ಎಂದು ಪಟ್ಟಣದವರು ತಿಳಿದಿದ್ದ ಕಲ್ಪನೆ ಬಿದ್ದುಹೋಯಿತು. ರೋಗಿಗಳಲ್ಲಿ ಬಹುಪಾಲು ಜನ ತಮ್ಮ ಲಕ್ಷಣಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅರ್ಧದಷ್ಟು ಮಂದಿ ಆಗಲೇ ಪರಿಹಾರ ಹುಡುಕಿಕೊಂಡು ಹೊರಟು ಆಸ್ಪತ್ರೆಗಳ ಬಾಗಿಲು ತಟ್ಟಿದ್ದರು. ಅಲ್ಲಿ ಅವರ ಕಫವನ್ನು ಯಾರೂ ಪರೀಕ್ಷಿಸಿರಲಿಲ್ಲ. ಕೆಮ್ಮಿನ ಮಿಶ್ರಣದ ಬಾಟಲಿಯನ್ನು ಕೊಟ್ಟು ಕಳುಹಿಸಿದ್ದರು. 1963ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರ ಸ್ಪಷ್ಟವಾಗಿದೆ: ರೋಗಿ ಬಂದಿದ್ದನು, ಹೇಳಿದ್ದನು, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಕೆಮ್ಮಿನೊಡನೆ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಪರೀಕ್ಷಿಸಬೇಕು, ಔಷಧವನ್ನು ಅಲ್ಲಿಯೇ ಕೊಡಬೇಕು ಎಂಬ ತತ್ತ್ವದ ಮೇಲೆ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ನಿಂತುದು, ಆ ಪ್ರಕಟಣೆಗೆ ಮುಂಚೆಯೇ ದೊರೆತಿದ್ದ ಇಂತಹ ಕಾಣ್ಕೆಯಿಂದಲೇ.

ಉಸಿರೆಣಿಕೆ, ಒಲೆ, ಪಂಪು

ಕ್ಷಯವೊಂದೇ ಎದೆಯ ರೋಗವಲ್ಲ. ಚಿಕ್ಕ ಮಕ್ಕಳನ್ನು ಬಹುವಾಗಿ ಬಲಿತೆಗೆದುಕೊಂಡ ನ್ಯುಮೋನಿಯಕ್ಕೆ ಸಲ್ಫಾ ಔಷಧಗಳೂ ಪೆನ್ಸಿಲಿನ್ನೂ ಬಂದ ಮೇಲೆ ಮದ್ದು ದೊರೆಯಿತು. ಅದನ್ನು ಗುರುತಿಸುವ ಉಪಾಯವೋ ಅತಿ ಸರಳ. ಮಗು ಶಾಂತವಾಗಿರುವಾಗ ಹೊಟ್ಟೆಯ ಏರಿಳಿತವನ್ನು ಒಂದು ಪೂರ್ಣ ನಿಮಿಷ ಎಣಿಸಬೇಕು. ಎರಡು ತಿಂಗಳಿಗಿಂತ ಕಿರಿಯ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗಿನದಕ್ಕೆ 50, ಒಂದರಿಂದ ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಆಸ್ಪತ್ರೆಗೆ ಹೊರಡಬೇಕಾದ ಹೊತ್ತು. ಗಡಿಯಾರವೊಂದಿದ್ದರೆ ತಾಯಿಯೂ ಆಶಾ ಕಾರ್ಯಕರ್ತೆಯೂ ಇದನ್ನು ಮಾಡಬಲ್ಲರು.

ಬೀಡಿ ಸೇದದ ಹೆಂಗಸರಿಗೂ ನಡುವಯಸ್ಸಿನಲ್ಲಿ ದಮ್ಮು ಹತ್ತುವುದಕ್ಕೆ ಮುಖ್ಯ ಕಾರಣ ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆಗಳ ಒಲೆಯ ಹೊಗೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ವಿಭಾಗವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ಕರ್ನಾಟಕದ ಹಳ್ಳಿಗಳಿಗೆ ಹಂಚುವಂತೆ ಮಾಡಿದುದು ಎದೆಯ ಆರೋಗ್ಯಕ್ಕೆ ಸಂದ ದೊಡ್ಡ ಸೇವೆ. ಇನ್ನು ಗೂರಲು ರೋಗಕ್ಕೆ ಮೃಗಶಿರೆಯ ದಿನ ಹೈದರಾಬಾದಿನ ಮೀನುಮದ್ದಿಗಾಗಿ ಹೋಗಿಬರುವವರು ಬಹಳ. ಆದರೆ ಪ್ರತಿದಿನವೂ ಬೇಕಾದ ಔಷಧವನ್ನು ವರ್ಷಕ್ಕೊಮ್ಮೆಯ ಮದ್ದು ತುಂಬಿಕೊಡಲಾರದು. 1956ರಲ್ಲಿ ಬಳಕೆಗೆ ಬಂದ ಇನ್‌ಹೇಲರಿನ, ನಮ್ಮವರು ಪಂಪೆಂದು ಕರೆಯುವ ಸಾಧನದ, ಚಟ ಹತ್ತುತ್ತದೆಂಬ ಭಯ ಇನ್ನೂ ಹೋಗಿಲ್ಲ. ಆದರೆ ಗೂರಲಿಗೆ ಕೊಡುವ ಸಾಲ್ಬುಟಮಾಲ್ ಗುಳಿಗೆಯೊಂದರಲ್ಲಿ 4 ಮಿಲಿಗ್ರಾಂ ಔಷಧವಿದ್ದರೆ ಪಂಪಿನ ಎರಡು ಎಳೆತದಲ್ಲಿ ಇರುವುದು 0.2 ಮಿಲಿಗ್ರಾಂ ಮಾತ್ರ. ಇಪ್ಪತ್ತರಲ್ಲೊಂದು ಪಾಲು ಔಷಧ ತಲಪಬೇಕಾದ ಜಾಗಕ್ಕೇ ನೇರವಾಗಿ ತಲಪುತ್ತದೆ.

ಇಂದಿನ ಕರ್ತವ್ಯ

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇಂದಿಗೂ ಭಾರತದಲ್ಲಿದ್ದಾರೆ. ಆದರೆ ಲೆನೆಕನಿಗೂ ಕಾಖನಿಗೂ ಇಲ್ಲದಿದ್ದ ಅನುಕೂಲ ಈಗ ತಾಲೂಕಿನ ಮಟ್ಟದಲ್ಲಿಯೂ ದೊರೆಯತೊಡಗಿದೆ. ಕಫದಲ್ಲಿರುವ ರೋಗಾಣುವಿನ ವಂಶದ್ರವ್ಯವನ್ನೇ ಹಿಡಿಯುವ ಸಿಬಿನಾಟ್ ಯಂತ್ರವೂ ಗೋವೆಯಲ್ಲಿ ತಯಾರಾದ ಟ್ರೂನಾಟ್ ಯಂತ್ರವೂ ಮಿಲಿಲೀಟರಿಗೆ ನೂರಿನ್ನೂರು ಅಣುಜೀವಿಗಳಿದ್ದರೂ ಪತ್ತೆಮಾಡಬಲ್ಲವು. ರಿಫಾಂಪಿಸಿನ್ನಿಗೆ ಆ ರೋಗಾಣುಗಳು ಜಗ್ಗುವವೋ ಇಲ್ಲವೋ ಎಂಬುದನ್ನೂ ಅದೇ ದಿನ ಹೇಳಬಲ್ಲವು. ಸಾಮಾನ್ಯ ಕ್ಷಯಕ್ಕೆ ದಿನವೂ ಗುಳಿಗೆ, ಆರು ತಿಂಗಳು. ಪರೀಕ್ಷೆಯೂ ಔಷಧವೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. 2018ರಿಂದ ರೋಗಿಯ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದ ಸರಕಾರ 2024ರ ನವೆಂಬರಿನಿಂದ ಅದನ್ನು 1000ಕ್ಕೆ ಏರಿಸಿದೆ. ಆಹಾರದ ಮಹತ್ತ್ವವೇನೆಂಬುದನ್ನು ಮಂಗಳೂರಿನ ಯೆನೆಪೋಯ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ಝಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು: ರೋಗಿಯ ಮನೆಯವರಿಗೆ ಸಾಕಷ್ಟು ಪಡಿತರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಶಕ್ತಿಮೀರಿದ ದುಡಿಮೆ, ವಿಷಮಾಹಾರಗಳನ್ನು ರಾಜಯಕ್ಷ್ಮದ ಕಾರಣಗಳಲ್ಲಿ ಎಣಿಸಿದ ಚರಕನ ಮಾತಿಗೆ ಎರಡು ಸಹಸ್ರ ವರ್ಷಗಳ ಅನಂತರ ದೊರೆತ ಪ್ರಬಲ ಸಮರ್ಥನೆ ಇದು.

1997ರ ಆಗಸ್ಟ್ 24ರಂದು ಹಾವೇರಿ ತನ್ನದೇ ಜಿಲ್ಲೆಯಾಯಿತು. ಜಿಲ್ಲಾ ಆಸ್ಪತ್ರೆ, ಈಚೆಗೆ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಎರಡೂ ಊರಿನಲ್ಲಿಯೇ ಇವೆ. ಮೀರಜಿನ ರೈಲು ಹತ್ತಬೇಕಾದ ಕಾಲ ಕಳೆಯಿತು. ಹೀಗಿರುವಾಗ ಮೆಣಸಿನಕಾಯಿಯ ಗೋದಾಮಿನಲ್ಲಿಯೋ ಜಿನ್ನಿನಲ್ಲಿಯೋ ದುಡಿಯುವ ತಾಯಿಯೊಬ್ಬಳು ಘಾಟಿನ ಕೆಮ್ಮೆಂದು ಆರು ತಿಂಗಳು ಸಹಿಸಿಕೊಂಡು, ಮನೆಯ ಮಕ್ಕಳಿಗೂ ಸೋಂಕು ಹಂಚಿ, ರಕ್ತ ಕಂಡ ಮೇಲೆ ಆಸ್ಪತ್ರೆಗೆ ಬರುವಂತಾಗುವುದು ಶಾಸ್ತ್ರದ ಕೊರತೆಯಿಂದಲ್ಲ, ನಮ್ಮ ಉಪೇಕ್ಷೆಯಿಂದ. ಕ್ಷಯವೆಂದರೆ ಮರ್ಯಾದೆಗೇಡು, ಮಗಳ ಮದುವೆಗೆ ಅಡ್ಡಿ ಎಂಬ ಅಂಜಿಕೆಯೂ ಈ ವಿಳಂಬದಲ್ಲಿ ಪಾಲುಗಾರ. ಪೇಟೆಯ ವರ್ತಕರೂ ಕಾರ್ಖಾನೆಯ ಧಣಿಗಳೂ ತಮ್ಮ ಕೆಲಸಗಾರರಿಗೆ ಸೆರಗಿಗೆ ಬದಲಾಗಿ ಒಳ್ಳೆಯ ಮುಖಗವಚಗಳನ್ನು ಕೊಡಲಿ, ಗೋದಾಮುಗಳಿಗೆ ಗಾಳಿ ಹಾಯುವ ಕಿಟಕಿಗಳನ್ನಿಡಲಿ, ಸುಗ್ಗಿಯ ಕೊನೆಗೊಮ್ಮೆ ಎಲ್ಲರ ಎದೆಯ ಪರೀಕ್ಷೆ ಮಾಡಿಸಲಿ. ವೈದ್ಯರು ಬಾಟಲಿ ಬರೆದುಕೊಡುವ ಮುನ್ನ ಕಸುಬನ್ನೂ ದಿನಗಳನ್ನೂ ಕೇಳಲಿ. ಉಳಿದವರೆಲ್ಲರೂ ಇಷ್ಟನ್ನು ನೆನಪಿಡಲಿ: ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೊಂದು ಕಂಡರೂ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ ಕಫವನ್ನು ಪರೀಕ್ಷೆಗೆ ಕೊಡಬೇಕು, ಮದ್ದು ಆರಂಭವಾದರೆ ಹಗುರವೆನಿಸಿದ ಮಾತ್ರಕ್ಕೆ ನಡುವೆ ಬಿಡದೆ ಆರು ತಿಂಗಳೂ ತೆಗೆದುಕೊಳ್ಳಬೇಕು. ಹಾಗೆ ಮಾಡಿದವರಲ್ಲಿ ಬಹುತೇಕರು ಸಂಪೂರ್ಣವಾಗಿ ಗುಣಹೊಂದುತ್ತಾರೆ.